ಬೇಸ್ ಕಮ್ಮಿ ಮಾಡದವನು

ನಮ್ಮ ಬೀದಿಯಲ್ಲಿ ಈಗಷ್ಟೇ ಹೆಸರು ಮಾಡುತ್ತಿರುವ, ಜಮೈಕಾದ ನಿಧಾನ ಲಯದ ರೆಗ್ಗೆ ಹಾಡುಗಾರನಿಗೆ ಯಾವುದಕ್ಕೂ ಅವಸರವಿಲ್ಲ. ಅವನೆತ್ತಿದ ಚಹಾ ಲೋಟ ತುಟಿ ತಲುಪುವಷ್ಟರಲ್ಲಿ ಒಂದು ಪಲ್ಲವಿ ಮುಗಿದಿರುತ್ತದೆ. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ಕೆಲಸ ಹೋದವರ, ಸೂರು ಕಳೆದುಕೊಂಡವರ ಹಾಡು ಕಟ್ಟುತ್ತಾನೆ. ಸಂಜೆ ಮಹಡಿಯಲ್ಲಿ, ಗೋಡೆ ಅದುರಿಸುವ ಮಂದ್ರ ನಾದದ ಬೇಸ್ ಗಿಟಾರ್ ಹಿಡಿದು ಹಾಡತೊಡಗಿದರೆ ಇಡೀ ಬೀದಿ ದೋಣಿಯಂತೆ ತೇಲುತ್ತದೆ, ಕಪಾಟಿನ ಪಾತ್ರೆಗಳು ತಲೆದೂಗುತ್ತವೆ. "ಬೇಸ್ ಕಮ್ಮಿ ಮಾಡೋ ಮಹರಾಯ, ಕಿಟಕಿ ಗಾಜು ಒಡೆಯುತ್ತೆ!" ಎಂದರೆ ನಕ್ಕು ಇನ್ನಷ್ಟು ಏರಿಸುತ್ತಾನೆ. ಒಂದು ಸಂಜೆ ನಾನು ಜಗಳಕ್ಕೆಂದೇ ಮಹಡಿ ಹತ್ತಿದೆ. ಮಿಲ್ಲಿನ ಮಗ್ಗಗಳ ಸದ್ದಿಗೆ ಕಿವಿ ಕಳೆದುಕೊಂಡ ಅವನ ತಾಯಿ, ಸ್ಪೀಕರಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ಕೂತಿದ್ದರು. "ಇದು ನನ್ನ ಮಗ್ಗದ್ದೇ ತಾಳ ಅಲ್ವೇನೋ?" ಎಂದರು ಮಗನಿಗೆ. "ನಿಲ್ಲಿಸ್ಬೇಡ, ಕೇಳಿಸ್ತಾ ಇದೆ."