ಹಾಲಿನವರ ಟ್ಯಾಂಕು

ಮೈಕು ಹಿಡಿದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ಎದುರಿಗೆ ಬಂದರೆ ನಾನು ರಸ್ತೆ ದಾಟಿ ಆ ಕಡೆ ಹೋಗುತ್ತೇನೆ. ಹೋಗದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಊರಾಚೆಯ ಬಂಡೆ ಮೈದಾನದಲ್ಲಿ ಬೈಕ್ ಪಂದ್ಯ ನಡೆಯುವಾಗ ಯಾರು ಬಂದರು, ಯಾರು ಬಿದ್ದರು ಎಂದು ಕೂಗುವುದು ಅವನ ಕೆಲಸ. ಅಷ್ಟು ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಅವತ್ತು ಒಬ್ಬ ಸವಾರ ಗೆರೆಯ ಹತ್ತಿರ ಬಂದು ನಿಂತಾಗ ಅವನು ಮೈಕಿನಲ್ಲಿ, "ಸ್ವಲ್ಪ ಹಿಂದೆ ನಿಂತ್ಕೊಳ್ರಪ್ಪಾ, ಇದು ಅಂಟು ಮೇಸ್ತ್ರಿ ಟ್ಯಾಂಕು. ಒಂದ್ಸಲ ರೇಸ್ ಕೊಟ್ರೆ ಮುಗೀತು, ಪೆಟ್ರೋಲ್ ಖಾಲಿ ಆದ್ಮೇಲೇ ನಿಲ್ಲೋದು" ಎಂದ. ಮೈದಾನಕ್ಕೆ ಮೈದಾನವೇ ನಕ್ಕಿತು.

ಅಂಟು ಮೇಸ್ತ್ರಿ ಎಂದರೆ ನನ್ನ ಭಾವ, ನನ್ನ ಸ್ವಂತ ಅಕ್ಕನ ಗಂಡ. ಹಗ್ಗದ ಈಚೆ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಹಗ್ಗ ಹಾರಿ ಹೋಗಿ ಮೈಕಿನವನ ಕಾಲರ್ ಹಿಡಿದೆ. ಅದು ತಪ್ಪು ಎಂದು ನನಗೆ ಈವರೆಗೂ ಅನಿಸಿಲ್ಲ. ಬಿಡಿಸಲು ಬಂದವರು ಭಾವನೇ. ಬಿಡಿಸುವಾಗ ಅವರೂ ನಗುತ್ತಿದ್ದರು. ಕಿವಿಯ ತುದಿ ಕೆಂಪಾಗಿತ್ತು, ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ, ಆದರೂ ನಗು. ತಮ್ಮನ್ನು ಆಡಿಕೊಂಡ ಮಾತಿಗೆ ತಾವೇ ನಗುವ ಮನುಷ್ಯನನ್ನು ನೋಡುವುದು ಬಹಳ ಕಷ್ಟ. ಮನೆಗೆ ಬರುವ ದಾರಿಯಲ್ಲಿ, "ಅವನು ಹೇಳಿದ್ರಲ್ಲಿ ಸುಳ್ಳೇನಿದೆ ಮಾರಾಯ" ಎಂದರು. 

ಈ ಪಂದ್ಯದ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಟ್ರಯಲ್ಸ್ ಎನ್ನುತ್ತಾರೆ. ಇದರಲ್ಲಿ ಓಟವಿಲ್ಲ. ಬಂಡೆ, ಹಳ್ಳ, ಬಿದ್ದ ಮರದ ದಿಮ್ಮಿ, ಇವುಗಳ ಮೇಲೆ ಬೈಕನ್ನು ಕಾಲು ನೆಲಕ್ಕೆ ಊರದೆ ದಾಟಿಸಬೇಕು. ಕಾಲು ಊರಿದಷ್ಟೂ ನಷ್ಟ. ಸವಾರ ಕೂರುವುದೇ ಇಲ್ಲ, ಉದ್ದಕ್ಕೂ ನಿಂತೇ ಇರುತ್ತಾನೆ. ಎಂಥ ಗಟ್ಟಿಗನಾದರೂ ದಿನಕ್ಕೆ ಹಲವು ಸಲ ಬೀಳುತ್ತಾನೆ. ಬಿದ್ದಾಗ ಸವಾರ ಪಕ್ಕಕ್ಕೆ ಹಾರಿಕೊಳ್ಳಬಹುದು, ಟ್ಯಾಂಕು ಎಲ್ಲಿಗೆ ಹಾರೀತು. ಅಂಗೈಯಗಲದ ಆ ಪುಟ್ಟ ಟ್ಯಾಂಕೇ ಕಲ್ಲಿಗೆ ಹೊಡೆಸಿಕೊಳ್ಳುವುದು. ಹೊಡೆತ ತಪ್ಪಿದರೆ ಎಂಜಿನ್ನಿನ ನಡುಕಕ್ಕೆ ಬೋಲ್ಟಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಆ ಟ್ಯಾಂಕುಗಳನ್ನು ಮಾಡುವುದೇ ಭಾವನ ಕಸುಬು. ನನ್ನ ಗ್ಯಾರೇಜಿನ ಹಿಂದಿನ ತಗಡಿನ ಶೆಡ್ಡು ಅವರದು. ಒಂದು ಮರದ ಅಚ್ಚು, ಮರಳು ತುಂಬಿದ ಚರ್ಮದ ಚೀಲ, ಮರದ ಸುತ್ತಿಗೆ, ಗ್ಯಾಸ್ ವೆಲ್ಡಿಂಗು. ಅಲ್ಯೂಮಿನಿಯಂ ಹಾಳೆಯನ್ನು ಚೀಲದ ಮೇಲಿಟ್ಟು ಬಡಿದು ಬಡಿದು ಬಟ್ಟಲು ಮಾಡಿ, ಎರಡು ಬಟ್ಟಲು ಸೇರಿಸಿ ಬೆಸೆಯುತ್ತಿದ್ದರು. ಬೆಸುಗೆಗೆ ಹೊಳಪು ಕೊಡುತ್ತಿರಲಿಲ್ಲ. ಹೊಳಪು ಕೊಟ್ಟರೆ ಲೋಹ ತೆಳುವಾಗುತ್ತದೆ, ನೋಡುವವನ ಕಣ್ಣಿಗೆ ನಾನ್ಯಾಕೆ ಸವೆಸಲಿ ಎನ್ನುತ್ತಿದ್ದರು. ಬೋಲ್ಟು ಕೂರುವ ಕಡೆ ದಪ್ಪ ರಬ್ಬರು ಇಲ್ಲದೆ ಟ್ಯಾಂಕು ಬಿಗಿದವರನ್ನು ಮತ್ತೆ ಶೆಡ್ಡಿನ ಒಳಗೆ ಸೇರಿಸುತ್ತಿರಲಿಲ್ಲ.

ಆಮೇಲೆ ಫೈಬರ್ ಬಂತು. ಹಗುರ, ಬೇಗ ಆಗುತ್ತದೆ, ಬೇಕಾದ ಆಕಾರ ಬರುತ್ತದೆ. ಭಾವನಿಗೆ ಅದರ ಹುಚ್ಚು ಹಿಡಿಯಿತು. ಗಿರಾಕಿ ಬಂದರೆ ಹೊಸ ಟ್ಯಾಂಕನ್ನು ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿ, ಅದು ಚೆಂಡಿನಂತೆ ಪುಟಿದಾಗ ಹುಬ್ಬು ಹಾರಿಸುತ್ತಿದ್ದರು. ಒಮ್ಮೆ ಅದರ ಮೇಲೆ ಹತ್ತಿ ನಿಂತು ಅಕ್ಕನನ್ನೂ ಹತ್ತು ಎಂದು ಕರೆದರು. ಅಕ್ಕ ಹೇಳಿದಳು, "ಟ್ಯಾಂಕಿಗೇನೂ ಆಗಲ್ಲ, ನಿಮ್ಮ ಸೊಂಟ ನೋಡ್ಕೊಳ್ಳಿ." ಅವತ್ತು ಅವರು ಎಲ್ಲರ ಮುಂದೆ ಆಡಿದ ಮಾತು ನನಗೆ ನೆನಪಿದೆ: "ನಾನು ಹೋದ್ರೂ ಈ ಟ್ಯಾಂಕ್ ಇರುತ್ತೆ. ಬರೆದಿಟ್ಕೊಳ್ಳಿ."

ಬರೀ ಬಾಯಿಮಾತಲ್ಲ. ಪರೀಕ್ಷೆ ಮಾಡದೆ ಅವರು ಒಂದನ್ನೂ ಕೊಟ್ಟವರಲ್ಲ. ಪೆಟ್ರೋಲ್ ತುಂಬಿ, ಕೆಳಗೆ ಹಳೆ ಪೇಪರ್ ಹಾಸಿ, ಕಿಟಕಿಯ ಹಲಗೆಯ ಮೇಲೆ ವಾರಗಟ್ಟಲೆ ಇಡುತ್ತಿದ್ದರು. ಪೇಪರಿನ ಮೇಲೆ ಕಲೆ ಬೀಳಬಾರದು. ಆಮೇಲೆ ಆ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಡಬ್ಬಿಗೆ, ಡಬ್ಬಿಯಿಂದ ಮುಂದಿನ ಟ್ಯಾಂಕಿಗೆ. ಬೀಗ ಹಾಕಿದ ಒಂದು ಗ್ಯಾರೇಜಿನವರು ಹಿಂದೆ ಯಾವಾಗಲೋ ಪೆಟ್ರೋಲ್ ಸಮೇತ ಕೊಟ್ಟು ಹೋದ ದೊಡ್ಡ ಡಬ್ಬಿ ಅದು. ಪರೀಕ್ಷೆಗೆಂದೇ ಇಟ್ಟಿದ್ದರು. ಓಡಿಸದ ಬೈಕಿಗೆ ಹೊಸ ಪೆಟ್ರೋಲ್ ಯಾಕೆ ದಂಡ ಮಾಡಬೇಕು ಎಂಬ ಲೆಕ್ಕ. ಡಬ್ಬಿಯ ಮುಚ್ಚಳವನ್ನು ಅವರು ಬಿಗಿಯುವುದು ನೋಡಿದರೆ ಒಳಗೆ ಅಕ್ಕನ ಒಡವೆ ಇದೆ ಅನ್ನಬೇಕು.

ಫೈಬರ್ ಟ್ಯಾಂಕು ಮೊದಲು ಕೊಂಡವರಲ್ಲಿ ನಮ್ಮ ಬೀದಿಗೆ ಹಾಲು ಹಾಕುವವರೂ ಒಬ್ಬರು. ಬೆಳಗ್ಗೆ ಕ್ಯಾನು ಕಟ್ಟಿಕೊಂಡು ಮನೆ ಮನೆ ತಿರುಗುವುದು, ಬಿಡುವಿನ ದಿನ ಬಂಡೆ ಹತ್ತುವುದು. ಸಣಕಲು ಮೈ, ದೊಡ್ಡ ನಗು. ಹಾಲು ತುಳುಕದ ಹಾಗೆ ಗಾಡಿ ಓಡಿಸಿ ಓಡಿಸಿ ಅವರಿಗೆ ಆ ಹದ ಬಂದಿತ್ತು ಎಂದು ಭಾವ ಹೇಳುತ್ತಿದ್ದರು. ಆ ವರ್ಷ ಮಳೆ ಬಿಡದೆ ಹೊಡೆದು ಮೈದಾನ ಮುಚ್ಚಿತ್ತು. ಅವರ ಪಂದ್ಯದ ಬೈಕು ಟ್ಯಾಂಕಿನ ತುಂಬ ಪೆಟ್ರೋಲ್ ಇಟ್ಟುಕೊಂಡು ಜಗಲಿಯಲ್ಲಿ ನಿಂತಿತ್ತು. ಮೈದಾನ ತೆರೆದ ದಿನ ಅವರೇ ಮೊದಲು ಬಂದರು. ಎದೆಯೆತ್ತರದ ಬಂಡೆಗೆ ರೇಸ್ ಕೊಟ್ಟು ಹತ್ತಿದರು. ಹತ್ತಿದ ಮೇಲೆ ರೇಸ್ ಬಿಡಬೇಕು, ಬೈಕು ನೆತ್ತಿಯ ಮೇಲೆ ನಿಲ್ಲಬೇಕು. ಅದು ನಿಲ್ಲಲಿಲ್ಲ. ಕೂಗಿಕೊಂಡು ಆಚೆ ಹಾರಿತು. ಕೆಳಗೆ ಮೊನಚು ಕಲ್ಲು, ಕಲ್ಲಿನ ಮೇಲೆ ಅವರ ಮೊಣಕಾಲು.

ನಾವೇ ಎತ್ತಿದ್ದು. ನೋವಿಗೆ ತುಟಿ ಬೆಳ್ಳಗಾಗಿತ್ತು. ಏನಾಯಿತು ಎಂದು ಸುತ್ತ ನಿಂತವರು ಕೇಳಿದಾಗ ಅವರು ಭಾವನ ಮುಖ ನೋಡಿ, ಕೈ ಜಾರಿತು ಎಂದರು.

ಬೈಕು ನನ್ನ ಗ್ಯಾರೇಜಿಗೆ ಬಂತು. ಹ್ಯಾಂಡಲ್ ನೆಟ್ಟಗೆ ಮಾಡುವ ಮೊದಲು ಆಕ್ಸಿಲರೇಟರ್ ತಿರುಗಿಸಿ ನೋಡಿದೆ, ತಿರುಗಿದ್ದು ಹಿಂದಕ್ಕೆ ಬರಲಿಲ್ಲ. ಕಾರ್ಬೊರೇಟರ್ ಬಿಚ್ಚಿದರೆ ಒಳಗೆಲ್ಲ ಕಂದು ಬಣ್ಣದ ಗೋಂದು. ಮಳೆಗಾಲದ ಕೊಳೆ ಇರಬೇಕು ಎಂದೆ ನಾನು. ಭಾವ ಟ್ಯಾಂಕಿನ ಮುಚ್ಚಳ ತೆಗೆದು, ಒಳಗೆ ಬೆರಳು ಬಿಟ್ಟು ಗೋಡೆ ಸವರಿದರು. ಹೊರಗೆ ತೆಗೆದ ಬೆರಳನ್ನು ಹೆಬ್ಬೆರಳಿಗೆ ಒತ್ತಿ ಬಿಟ್ಟರು. ಎರಡರ ನಡುವೆ ನೂಲಿನ ಹಾಗೆ ಎಳೆ ಬಂತು. ಕಲ್ಲಿಗೆ ಹೊಡೆದರೂ ಜಗ್ಗದ ಟ್ಯಾಂಕು ಒಳಗಿನಿಂದ ಕರಗುತ್ತಿತ್ತು.

ನಾನು ಕೂಡಲೇ ಪೆಟ್ರೋಲ್ ಬಂಕಿಗೆ ಹೋಗಿ ಕೂಗಾಡಿದೆ. ಏನು ಕಲಬೆರಕೆ ಮಾಡುತ್ತಿದ್ದೀರಿ ಎಂದು ಕೇಳಿದೆ. ಅಲ್ಲಿದ್ದಾತ ಬೆವರು ಒರೆಸಿಕೊಂಡು ಪಂಪಿನ ಮೇಲೆ ಅಂಟಿಸಿದ್ದ ಚೀಟಿಗೆ ಬೆರಳು ತೋರಿಸಿದ. ಪೆಟ್ರೋಲಿಗೆ ಎಥೆನಾಲ್ ಬೆರೆಸಲಾಗಿದೆ ಎಂದು ಬರೆದಿತ್ತು. ಚೀಟಿಯ ಬಣ್ಣ ಮಾಸಿ ಅಂಚು ಕಿತ್ತು ಬಂದಿತ್ತು, ಅಷ್ಟು ಹಳೆಯದು. ವಾಪಸ್ ಬಂದು ಹೇಳಿದಾಗ ಭಾವ ಶೆಡ್ಡಿನ ಮೂಲೆಯ ಡಬ್ಬಿಯನ್ನೇ ನೋಡುತ್ತ ಕೂತರು. ಫೈಬರಿನ ಅಂಟನ್ನು ಕರಗಿಸಿದ್ದು ಆ ಎಥೆನಾಲೇ. ಡಬ್ಬಿಯಲ್ಲಿದ್ದದ್ದು ಅದು ಬರುವುದಕ್ಕಿಂತ ಮುಂಚಿನ ಪೆಟ್ರೋಲ್. ಅವರು ಜೋಪಾನ ಮಾಡಿ, ಸೋಸಿ, ಮುಚ್ಚಳ ಬಿಗಿದು ಇಟ್ಟ ಆ ಹಳೆ ಪೆಟ್ರೋಲಿನಲ್ಲಿ ಎಲ್ಲ ಟ್ಯಾಂಕೂ ಪಾಸಾಗಿದ್ದವು.

"ಪರೀಕ್ಷೆ ಮಾಡಿದ್ದೆ ಅಂತ ಯಾವ ಬಾಯಲ್ಲಿ ಹೇಳಲಿ" ಎಂದರು. "ದಿನಾ ಆ ಬಂಕಿನ ಮುಂದೇನೇ ಓಡಾಡ್ತೀನಿ."

ಬೇರೆ ಯಾರಾದರೂ ಅವರನ್ನು ಬೈದರೆ ನಾನು ತಿರುಗಿ ಬೈಯಬಹುದಿತ್ತು. ಅವರನ್ನು ಬೈಯುವವರು ಅಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನ ಫೈಬರಿನ ಅಚ್ಚನ್ನು ತಾವೇ ಸುತ್ತಿಗೆಯಿಂದ ಒಡೆದರು. ಮರಳಿನ ಚೀಲ ಮತ್ತೆ ಹೊರಗೆ ಬಂತು. ಒಂದೊಂದು ಅಲ್ಯೂಮಿನಿಯಂ ಟ್ಯಾಂಕು ಮುಗಿದ ಹಾಗೂ ಗೋಣಿಚೀಲದಲ್ಲಿ ಹಾಕಿಕೊಂಡು ಒಬ್ಬೊಬ್ಬ ಸವಾರನ ಬಾಗಿಲಿಗೆ ಹೋದರು. ಹೋದಲ್ಲೆಲ್ಲ, ನನ್ನ ಟ್ಯಾಂಕು ಕೆಟ್ಟದ್ದು, ಅದರಿಂದಲೇ ಹಾಲಿನವರು ಬಿದ್ದರು, ಇದನ್ನು ಹಾಕಿಕೊಂಡು ಅದನ್ನು ಕೊಡಿ ಎಂದು ತಾವೇ ಹೇಳಿದರು. ಬೇರೆ ಏನಾದರೂ ನೆಪ ಹೇಳಿ ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳಲಿಲ್ಲ. ಅಂಟು ಮೇಸ್ತ್ರಿ ಎಂಬ ಹೆಸರು ಹುಟ್ಟಿದ್ದು ಹಾಗೆ. ಫೈಬರ್ ಟ್ಯಾಂಕು ಕೊಂಡಿದ್ದ ಆ ಮೈಕಿನವನಿಗೂ ಒಂದು ಹೊಸ ಟ್ಯಾಂಕು ಸಿಕ್ಕಿತು. ಎರಡೂ ಕೈಯಲ್ಲಿ ಇಸಿದುಕೊಂಡು ಆಮೇಲೆ ಮೈಕಿನಲ್ಲಿ ನಗಿಸಿದನಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮನೆಯಲ್ಲಿ ಭಾವ ಊಟದ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಹಾಲು ಹಾಕಲು ಈಗ ಹಾಲಿನವರ ಹೆಂಡತಿ ಬರುತ್ತಿದ್ದರು. ಅವರ ದನಿ ಕೇಳಿದರೆ ಭಾವ ಹಿತ್ತಲಿಗೆ ಹೋಗುತ್ತಿದ್ದರು. ಅಕ್ಕ ಎಷ್ಟು ದಿನ ನೋಡಿಯಾಳು. ಒಂದು ಸಂಜೆ ಅವರು ಹಾಳೆ ಬಡಿಯುವಾಗ ಇನ್ನೊಂದು ತುದಿ ಹಿಡಿದುಕೊಂಡೇ ಹೇಳಿದಳು, "ಊರೆಲ್ಲ ತಿರುಗಿ ಎಲ್ಲರ ಮುಂದೆ ತಲೆ ತಗ್ಗಿಸಿದ್ರಿ. ಯಾರ ಮುಂದೆ ತಗ್ಗಿಸಬೇಕೋ ಅವರ ಮನೆ ಮಾತ್ರ ನಿಮಗೆ ದಾರಿ ಗೊತ್ತಿಲ್ಲ."

ಭಾವ ಕಿಟಕಿಯ ಹಲಗೆಯ ಮೇಲಿದ್ದ ಟ್ಯಾಂಕನ್ನು ತೋರಿಸಿ, ಇದು ಅವರಿಗೇ ಎಂದರು. ಅದರಂಥ ಟ್ಯಾಂಕನ್ನು ಅವರು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಕಲ್ಲು ತಾಗುವ ಪಕ್ಕಕ್ಕೆ ದಪ್ಪ ಹಾಳೆ, ಮೊಣಕಾಲು ಬರುವ ಕಡೆ ಅಂಗೈಯಷ್ಟು ತಗ್ಗು. ಬಂಕಿನಿಂದ ಆಗಷ್ಟೇ ತಂದ ಪೆಟ್ರೋಲ್ ತುಂಬಿಸಿ ಪೇಪರಿನ ಮೇಲೆ ಇಟ್ಟು ನೋಡಿದ್ದರು.

ಭಾವ, ನಾನು ಇಬ್ಬರೂ ಹಾಲಿನವರ ಮನೆಗೆ ಹೋದೆವು. ನಡುಮನೆಯಲ್ಲಿ ತೊಳೆದ ಕ್ಯಾನುಗಳನ್ನು ಬೋರಲು ಹಾಕಿದ್ದರು. ಹಾಲಿನವರು ಕುರ್ಚಿಯಲ್ಲಿ ಕೂತು ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಮೊಣಕಾಲು ಮಡಚುವುದಿಲ್ಲ, ಇನ್ನು ಹೀಗೇ ಎಂದು ಡಾಕ್ಟರು ಹೇಳಿದ್ದಾರಂತೆ. ಮೇಸ್ತ್ರಿ ಬಂದರು ಎಂದು ಸಂತೋಷಪಟ್ಟರು. ಭಾವ ಕೂರಲಿಲ್ಲ. ಗೋಣಿಚೀಲ ಬಿಚ್ಚಿ ಟ್ಯಾಂಕನ್ನು ಕ್ಯಾನುಗಳ ಪಕ್ಕ ಇಟ್ಟರು.

"ಇದೆಲ್ಲ ಯಾಕೆ ಮೇಸ್ತ್ರಿ. ಕೈ ಜಾರಿದ್ದು ನಂದು" ಎಂದರು ಹಾಲಿನವರು.

"ಕೈ ಜಾರಿಲ್ಲ. ರೇಸ್ ವಾಪಸ್ ಬರ್ಲಿಲ್ಲ. ನನ್ನ ಟ್ಯಾಂಕ್ ಕರಗಿ ಹಿಡ್ಕೊಂಡಿತ್ತು."

ಹಾಲಿನವರು ಕಾಲಿನ ಮೇಲಿದ್ದ ಬಟ್ಟೆ ಸರಿಮಾಡಿಕೊಂಡರು. "ಗೊತ್ತು" ಎಂದರು. "ಬೀಳೋ ಮುಂಚೇನೇ ಗೊತ್ತಾಯ್ತು. ಕೈಗೆ ಗೊತ್ತಾಗಲ್ವಾ."

"ಮತ್ತೆ ಯಾಕೆ ಹಾಗೆ ಹೇಳಿದ್ರಿ?"

"ನೀವು ಎದುರಿಗೇ ನಿಂತಿದ್ರಿ. ಅಷ್ಟು ಜನರ ಮುಂದೆ ಹೆಂಗೆ ಹೇಳ್ಲಿ."

ಭಾವನ ಮುಖ ನೋಡಲಾಗಲಿಲ್ಲ. ಆ ಮನುಷ್ಯ ನಾಲ್ಕು ಬೈದಿದ್ದರೆ ನಮ್ಮ ಭಾವ ಅವತ್ತೇ ಹಗುರಾಗುತ್ತಿದ್ದರು. ಕೊನೆಗೆ ಭಾವ, ಟ್ಯಾಂಕನ್ನಾದರೂ ಇಟ್ಟುಕೊಳ್ಳಿ ಎಂದು ಕೇಳಿಕೊಂಡರು. ಹಾಲಿನವರು ಅದನ್ನು ಎತ್ತಿ ತೊಡೆಯ ಮೇಲಿಟ್ಟು, ಬೆಸುಗೆಯ ಮೇಲೆ ಬೆರಳಾಡಿಸಿ, ಬಹಳ ಚೆನ್ನಾಗಿದೆ ಎಂದರು. ಮೊಣಕಾಲಿಗೆಂದು ಮಾಡಿದ ತಗ್ಗಿನ ಹತ್ತಿರ ಬೆರಳು ನಿಂತಿತು. ಆಮೇಲೆ ತಮ್ಮ ದೊಡ್ಡ ನಗು ನಕ್ಕರು.

"ಬೈಕ್ ಮಾರಿಬಿಟ್ಟೆ ಮೇಸ್ತ್ರಿ. ಇದನ್ನ ಇಟ್ಕೊಂಡು ಏನ್ಮಾಡ್ಲಿ, ಹಾಲು ತುಂಬಲಾ?"

ನನಗೆ ರೇಗಿತು. ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ. ಕೊಡುವುದನ್ನು ಇಸಿದುಕೊಳ್ಳುವುದಕ್ಕೇನು ದಾಡಿ ಎಂದು ಬಾಯಿ ತೆಗೆಯುವಷ್ಟರಲ್ಲಿ ಭಾವ ನನ್ನ ಭುಜ ಅದುಮಿದರು. ಟ್ಯಾಂಕನ್ನು ಮತ್ತೆ ಗೋಣಿಯಲ್ಲಿ ಸುತ್ತಿದರು. ಹಾಲಿನವರ ಹೆಂಡತಿ ಕೊಟ್ಟ ಟೀ ಲೋಟ ಭಾವನ ಕೈಯಲ್ಲಿ ತಣ್ಣಗಾಯಿತು.

ಆ ಕಾಲಿನಲ್ಲಿ ಹಾಲಿನ ವ್ಯಾಪಾರ ನಡೆಯಲಿಲ್ಲ. ಹಸುಗಳನ್ನು ಕೊಟ್ಟು ಗಂಡ ಹೆಂಡತಿ ದೂರದ ಮಗಳ ಮನೆಗೆ ಹೋದರು. ಹೋಗುವ ದಿನ ಸಾಮಾನು ಏರಿಸಲು ಭಾವ ಬೆಳಗ್ಗೆಯಿಂದ ಸಂಜೆಯವರೆಗೆ ದುಡಿದರು. ಆಮೇಲೆ ನಾನು ವಿಳಾಸ ಹುಡುಕಿ ತಂದು ಕೊಟ್ಟೆ. ಪಾರ್ಸಲ್ ಮಾಡಿಬಿಡಿ, ಬಾಗಿಲಿಗೆ ಬಂದದ್ದನ್ನು ವಾಪಸ್ ಕಳಿಸುವುದಿಲ್ಲ ಎಂದೆ. ಭಾವ ತಲೆ ಅಲ್ಲಾಡಿಸಿದರು.

"ಬೇಡ ಅಂದವರ ಬೆನ್ನು ಬಿದ್ದು ಕೊಟ್ರೆ, ಅದು ನನ್ನ ನೆಮ್ಮದಿಗೆ ಕೊಟ್ಟಂಗಾಗುತ್ತೆ. ಅವರಿಗಲ್ಲ."

ಟ್ಯಾಂಕು ಈಗಲೂ ಶೆಡ್ಡಿನ ಕೊಕ್ಕೆಯಲ್ಲಿ ತೂಗುತ್ತಿದೆ. ಭಾವನಿಗೆ ವಯಸ್ಸಾಗಿ ಕೈ ನಡುಗುತ್ತದೆ, ಸುತ್ತಿಗೆ ಹಿಡಿಯುವುದು ಬಿಟ್ಟಿದ್ದಾರೆ. ಆದರೆ ಬಂಕಿನಲ್ಲಿ ಎಥೆನಾಲ್ ಹೆಚ್ಚಾಗಿ ಪಂಪಿನ ಚೀಟಿ ಬದಲಾದಾಗಲೆಲ್ಲ ಹೊಸ ಪೆಟ್ರೋಲ್ ತರಿಸಿ ಅದಕ್ಕೆ ತುಂಬಿಸುತ್ತಾರೆ. ಪೇಪರ್ ಹಾಸಿ ಕಿಟಕಿಯ ಹಲಗೆಯ ಮೇಲಿಟ್ಟು ಕಾಯುತ್ತಾರೆ. ಕಲೆ ಬಿದ್ದಿಲ್ಲ ಎಂದು ಕಂಡ ಮೇಲೆ ಖಾಲಿ ಮಾಡಿ, ಒಣಗಿಸಿ, ಮತ್ತೆ ಕೊಕ್ಕೆಗೆ ಹಾಕುತ್ತಾರೆ. ಮೊನ್ನೆ ಹೊಸ ಸವಾರನೊಬ್ಬ ಅದನ್ನು ನೋಡಿ ಆಸೆಪಟ್ಟು, ನನಗೆ ಕೊಡಿ ಎಂದು ಬಹಳ ಹೊತ್ತು ಪೀಡಿಸಿದ.

"ಅದು ಹಾಲಿನವರದ್ದು" ಎಂದರು ಭಾವ. "ಇನ್ನೂ ತಗೊಂಡು ಹೋಗಿಲ್ಲ."