ಹದಿನೇಳನೆಯ ಬಿಲ್ಲು

ನನ್ನ ಗಂಡ ಒಂಬತ್ತು ವರ್ಷದಲ್ಲಿ ಹದಿನೇಳು ಬಿಲ್ಲು ಮಾಡಿದರು. ಹದಿನಾರು ಅವರ ಕೈಯಲ್ಲೇ ಮುರಿದವು. ಆ ಹದಿನಾರಕ್ಕೆ ನಾನು ಬೈದದ್ದು ಅಷ್ಟಿಷ್ಟಲ್ಲ, ಅಡುಗೆಮನೆಯಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ಬೈದಿದ್ದೇನೆ. ಆದರೆ ಅದು ಮನೆಯ ಸಿಟ್ಟು, ಬೆಳಗಾಗುವಷ್ಟರಲ್ಲಿ ಆರಿಹೋಗುತ್ತಿತ್ತು. ಹದಿನೇಳನೆಯದನ್ನು ಮುರಿದವರು ಬೇರೆ. ಆ ಸಿಟ್ಟು ಇನ್ನೂ ಆರಿಲ್ಲ. ಆರುವುದೂ ನನಗೆ ಬೇಡ.

ನನ್ನ ಗಂಡನ ಹೆಸರು ಮುತ್ತುರಾಜ್. ಸಿರಾದಿಂದ ಮಧುಗಿರಿ, ಅಲ್ಲಿಂದ ಪಾವಗಡಕ್ಕೆ ಹೋಗುವ ಬಸ್ಸಿನ ಡ್ರೈವರ್. ನಾನು ಮಹಾಲಕ್ಷ್ಮಮ್ಮ, ಕಳ್ಳಂಬೆಳ್ಳ ಹೋಬಳಿಯ ನಮ್ಮ ಹಳ್ಳಿಯಲ್ಲೇ ಅಂಗನವಾಡಿ ನಡೆಸುತ್ತೇನೆ. ನಾವು ಊರ ಕೆಳಗಿನ ಕಾಲೋನಿಯವರು, ನಮ್ಮ ಮಾವನ ಕಾಲದಲ್ಲೇ ಬೌದ್ಧರಾದವರು. ನಾನು ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಮೇಲಿನ ಬೀದಿಯ ಮಕ್ಕಳು ನಾನು ಮಾಡಿದ ಉಪ್ಪಿಟ್ಟು ಮುಟ್ಟುತ್ತಿರಲಿಲ್ಲ. ಈಗ ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತವೆ. ಅದನ್ನು ನೋಡಿ ನೋಡಿ, ಕಾಲ ಬದಲಾಯಿತು ಎಂದು ನಾನು ನಂಬಿಬಿಟ್ಟಿದ್ದೆ. ನನ್ನ ದಡ್ಡತನ ಶುರುವಾದದ್ದೇ ಅಲ್ಲಿಂದ.

ಬಿಲ್ಲಿನ ಹುಚ್ಚು ಇವರಿಗೆ ಹತ್ತಿದ್ದು ಪಾವಗಡದ ದಾರಿಯಲ್ಲಿ. ಒಂದು ಸಲ ಬಸ್ಸು ಪಂಕ್ಚರ್ ಆಗಿ ನಿಂತಿದ್ದಾಗ ಪಕ್ಕದ ಸಜ್ಜೆ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಮುದುಕನೊಬ್ಬ ಬಿದಿರ ಬಿಲ್ಲಿನಿಂದ ಮಣ್ಣುಂಡೆ ಹೊಡೆಯುತ್ತಿದ್ದನಂತೆ. ಇವರು ಕೇಳಿ ಇಸಕೊಂಡು ಎಳೆದರೆ ಹೆದೆ ಅರ್ಧಕ್ಕೂ ಬರಲಿಲ್ಲ. "ಬಲಂ ಕಾದಪ್ಪಾ, ಓಪಿಕ ಕಾವಾಲ" ಎಂದನಂತೆ ಆ ಮುದುಕ ತೆಲುಗಿನಲ್ಲಿ. ಬಲ ಅಲ್ಲ, ತಾಳ್ಮೆ ಬೇಕು ಅಂತ. ಬೇರೆಯವರಾಗಿದ್ದರೆ ನಕ್ಕು ಬಸ್ಸು ಹತ್ತುತ್ತಿದ್ದರು. ಇವರು ಮನೆಗೆ ಬರುವಾಗ ಎರಡು ಬಿದಿರ ಗಳ ಹೊತ್ತು ತಂದರು.

ಆಮೇಲೆ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ಯಾವುದೋ ದೇಶದವರು ಮಾಡುವ ಆಳೆತ್ತರದ ಬಿಲ್ಲುಗಳನ್ನು ಫೋನಿನಲ್ಲಿ ನೋಡುವುದು, ಹಿತ್ತಿಲಲ್ಲಿ ಕೂತು ಹೆರೆಯುವುದು, ಗೋಡೆಗೆ ಸಿಕ್ಕಿಸಿ ಎಳೆದು ಎರಡು ತೋಳೂ ಒಂದೇ ಸಮ ಬಾಗುತ್ತವೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವುದು. ನಾಲ್ಕನೆಯ ಬಿಲ್ಲು ಸೀಳಿ ಕೆನ್ನೆಗೆ ಹೊಡೆದು ಮೂರು ಹೊಲಿಗೆ ಬಿತ್ತು. ಹೊಲಿಗೆ ಬಿಚ್ಚುವ ಮೊದಲೇ ಐದನೆಯದಕ್ಕೆ ಮರ ಹುಡುಕುತ್ತಿದ್ದರು. ಪಾವಗಡದಲ್ಲಿ ಬಸ್ಸು ತಂಗುವ ದಿನ ಜೊತೆಯ ಡ್ರೈವರುಗಳು ಇಸ್ಪೀಟು ಹಿಡಿದು ಕೂತರೆ, ಇವರು ಕೋಳಿ ಗರಿ ಕತ್ತರಿಸಿ ಬಾಣಕ್ಕೆ ಕಟ್ಟುತ್ತಾ ಕೂರುತ್ತಿದ್ದರಂತೆ. ಕುಡಿಯುವ ಗಂಡನನ್ನಾದರೂ ನಾಲ್ಕು ಜನರ ಮುಂದೆ ದೂರಬಹುದು. ಗರಿ ಕಟ್ಟುವ ಗಂಡನನ್ನು ಏನೆಂದು ದೂರುವುದು?

ಹದಿನೇಳನೆಯದು ತಡಸಲು ಮರದ್ದು. ಸಿದ್ದರಬೆಟ್ಟದ ತಪ್ಪಲಲ್ಲಿ ಒಬ್ಬರ ಹೊಲದ ಬದುವಿನಲ್ಲಿ ಗಾಳಿಗೆ ಬಿದ್ದಿದ್ದ ಮರ. ಅವರನ್ನೇ ಕೇಳಿ ಒಂದು ತುಂಡು ತಂದು, ಸೀಳಿ, ಎರಡು ವರ್ಷ ನಮ್ಮ ಮಂಚದ ಕೆಳಗೆ ಒಣಗಿಸಿದರು. ಬಾಗುವಾಗ ಬೆನ್ನು ಸೀಳದಿರಲಿ ಎಂದು ಅದರ ಬೆನ್ನಿಗೆ ತೆಳ್ಳನೆಯ ಆಡಿನ ಚರ್ಮ ಅಂಟಿಸಬೇಕಿತ್ತು. ಅದಕ್ಕೆ ಸರೇಸು, ಅಂದರೆ ಚರ್ಮದ ಚೂರನ್ನೇ ಗಂಟೆಗಟ್ಟಲೆ ಬೇಯಿಸಿ ಮಾಡುವ ಹಳೇ ಕಾಲದ ಬಡಗಿ ಅಂಟು. ಅಂಗಡಿಯ ಗಮ್ ಹಾಕಿ ಅಂದರೆ ಕೇಳುತ್ತಿರಲಿಲ್ಲ.

ಚರ್ಮ ಮನೆಗೆ ಬಂದ ದಿನ ನನಗಿಂತ ಮೊದಲು ಕೆಂಡವಾದವರು ನಮ್ಮ ಮಾವ ಚಿಕ್ಕನರಸಯ್ಯ. ಅವರು ಹುಡುಗರಾಗಿದ್ದಾಗ ಊರಿನ ಸತ್ತ ದನ ಎಳೆಯುವುದು, ಚರ್ಮ ಸುಲಿಯುವುದು ನಮ್ಮವರ ಪಾಲಿನ ಬಿಟ್ಟಿ ಕೆಲಸ. ಇನ್ನು ಮಾಡುವುದಿಲ್ಲ ಎಂದು ಎದ್ದು ನಿಂತವರಲ್ಲಿ ಅವರೂ ಒಬ್ಬರು. ಅದಕ್ಕೆ ಸಿಕ್ಕ ಏಟಿನ ಗುರುತು ಅವರ ಎಡಭುಜದಲ್ಲಿ ಈಗಲೂ ಇದೆ.

"ಆ ಕೆಲ್ಸ ಬುಡಕೆ ನಾನು ಏಟು ತಿಂದಿವ್ನಿ ಕಣ್ಲಾ. ನೀನು ಅದನ್ನೇ ಖುಷಿಗೆ ಮಾಡ್ತೀಯಾ?" ಎಂದರು.

"ಅದನ್ನ ಅವ್ರು ಮಾಡುಸ್ತಿದ್ರು ಅಪ್ಪ. ಇದನ್ನ ನಾನು ಮಾಡ್ತಿವ್ನಿ" ಎಂದರು ಇವರು.

ಮಾವ ಒಂದು ವಾರ ಮಗನ ಜೊತೆ ಮಾತು ಬಿಟ್ಟರು. ಎಂಟನೇ ದಿನ ಹಿತ್ತಿಲಿಗೆ ಬಂದು, ಇವರು ಚರ್ಮ ಹಿಗ್ಗಿಸುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿ, ಅಂಗಲ್ಲ, ತಾ ಇಲ್ಲಿ ಎಂದು ಕಿತ್ತುಕೊಂಡು ತಾವೇ ಕೂತರು. ಎಂಬತ್ತರ ಹತ್ತಿರದ ಕೈ, ಒಂದು ಸುಕ್ಕೂ ಬಾರದ ಹಾಗೆ ಚರ್ಮವನ್ನು ಮರದ ಮೇಲೆ ಕೂರಿಸಿತು. ಮೇಲೆ ಹರಳೆಣ್ಣೆ, ಜೇನುಮೇಣ ತಿಕ್ಕಿದರು. ನಾನು ಅವತ್ತು ಬೈಯಲಿಲ್ಲ. ಅಪ್ಪ ಮಗ ಇಬ್ಬರಿಗೂ ಟೀ ಕೊಟ್ಟೆ.

ಆ ಬಿಲ್ಲು ನಮ್ಮ ಮಗಳು ಯಶೋಧರಾಳಿಗಾಗಿ ಮಾಡಿದ್ದು. ಸಿರಾದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಾಳೆ. ಅಪ್ಪ ಮಾಡಿದ್ದನ್ನೆಲ್ಲ, ಅವರ ಕೈಯಲ್ಲಿ ಮುರಿಯುವ ಮೊದಲು, ಹೊಡೆದು ನೋಡಿ ಪಳಗಿದವಳು. ದಸರಾ ಮುಗಿದ ಎರಡನೇ ಭಾನುವಾರ ತುಮಕೂರಿನಲ್ಲಿ ಹಳೇ ಕಾಲದ ಬಿಲ್ಲುಗಾರಿಕೆಯ ಸ್ಪರ್ಧೆ ಇತ್ತು. ಬಿಲ್ಲು, ಹೆದೆ, ಬಾಣ, ಬತ್ತಳಿಕೆ ಎಲ್ಲವೂ ಕೈಯಲ್ಲೇ ಮಾಡಿದ್ದಿರಬೇಕು, ಕಾರ್ಖಾನೆಯ ಅಂಟೂ ಕೂಡದು ಎಂಬ ನಿಯಮ. ಅವಳ ತೋಳಿನ ಉದ್ದಕ್ಕೆ, ಅವಳ ಎಳೆತದ ಬಲಕ್ಕೆ ಅಳೆದು ಹೆರೆದಿದ್ದ ಬಿಲ್ಲು ಅದು. ಮೂರು ತಿಂಗಳು ಬೆಳಿಗ್ಗೆ ಸಂಜೆ ಕೆರೆ ಏರಿಯ ಕೆಳಗೆ ಹುಲ್ಲಿನ ಕಂತೆಗೆ ಹೊಡೆದಳು. ಐವತ್ತು ಹೆಜ್ಜೆ ದೂರದಿಂದ ತಟ್ಟೆಯಷ್ಟು ಅಗಲದಲ್ಲಿ ಐದಕ್ಕೆ ಐದೂ ಬೀಳುತ್ತಿದ್ದವು. ಹೆಸರು ನೋಂದಾಯಿಸಿಯೂ ಆಗಿತ್ತು.

ಆಗ ಬಂದರು ಪರ್ವತಯ್ಯ, ಪಟೇಲರ ಮನೆಯವರು. ನಮ್ಮೂರಲ್ಲಿ ವಿಜಯದಶಮಿಯ ಸಂಜೆ ಬನ್ನಿಮರದ ಹತ್ತಿರ ಬಾಳೆಕಂದು ನೆಟ್ಟು ಅದಕ್ಕೆ ಅಂಬು ಹಾಕುವ ಪದ್ಧತಿ. ಹಾಕುವುದು ಪಟೇಲರ ಮನೆಯ ಹಿರಿಯ. ಬಿಲ್ಲು ಅಂದರೆ ಒಂದು ಕಡ್ಡಿಗೆ ಹುರಿ ಕಟ್ಟಿದ್ದು. ಹಿಂದಿನ ವರ್ಷ ಆ ಕಡ್ಡಿಯ ಬಾಣ ಅವರ ಕಾಲ ಬುಡದಲ್ಲೇ ಬಿದ್ದು, ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರೂರಿಗೆ ಕಳಿಸಿದ್ದರು. ಈ ಸಲ ಮಾನ ಉಳಿಯಬೇಕಿತ್ತು. ನಮ್ಮ ಗೇಟಿನ ಹತ್ತಿರ ನಿಂತು, ಎಂದೂ ಇಲ್ಲದ ಹಾಗೆ ಮುತ್ತುರಾಜಪ್ಪ ಎಂದು ಕರೆದು, ನಿನ್ನ ಬಿಲ್ಲು ಒಂದು ದಿನದ ಮಟ್ಟಿಗೆ ಕೊಡು ಎಂದರು. ಒಳಗೆ ಬನ್ನಿ ಎಂದೆ. ಬಿಸಿಲು, ಇನ್ನೊಂದ್ಸಲ ಬತ್ತೀನಮ್ಮ ಎಂದರು. ಬಿಸಿಲಿದ್ದದ್ದು ಗೇಟಿನ ಹತ್ತಿರ, ಒಳಗೆ ನೆರಳಿತ್ತು. ಅದು ಅವತ್ತೇ ನನಗೆ ಹೊಳೆಯಬೇಕಿತ್ತು.

ಇವರಿಗೆ ಕೊಡಲು ಮನಸ್ಸಿರಲಿಲ್ಲ. ಯಶೋಧರಾ ಬೇಡವೇ ಬೇಡ ಎಂದಳು. ಕೊಡಿಸಿದ್ದು ನಾನು. ನೂರು ವರ್ಷ ನಮ್ಮವರನ್ನು ಆ ಬನ್ನಿಮರದ ಕಟ್ಟೆಗೆ ಹತ್ತಿಸದವರು ಇವತ್ತು ನಮ್ಮ ಮನೆಯ ವಸ್ತು ಕೇಳಿಕೊಂಡು ಬಂದಿದ್ದಾರೆ, ಇಡೀ ಊರು ನೋಡಲಿ ಎಂದು ಹಟ ಹಿಡಿದೆ. ಎರಡು ದಿನ ಇವರ ತಲೆ ತಿಂದೆ. ಕೊನೆಗೆ ಒಪ್ಪಿದರು. ಪರ್ವತಯ್ಯನವರಿಗೆ ಒಂದೇ ಮಾತು ಮೂರು ಸಲ ಹೇಳಿದರು: ಇದಕ್ಕೆ ನೀರು ಸೋಕಬಾರದು, ಅರಿಶಿನ ಕುಂಕುಮ ಒಣಗಿದ್ದೇ ಹಚ್ಚಿ, ನೀರು ಬಿದ್ದರೆ ಅಂಟು ಬಿಡುತ್ತದೆ. ಅವರು ಮೂರು ಸಲವೂ ಆಯ್ತಾಯ್ತು ಎಂದರು.

ಆಯುಧಪೂಜೆಯ ಮಧ್ಯಾಹ್ನ ಬಿಲ್ಲು ಹೋಯಿತು. ಒಯ್ಯಲು ಬಂದ ಆಳು ಕೈ ನೀಡಲಿಲ್ಲ, ಕಾಂಪೌಂಡಿನ ಮೇಲೆ ಇಡಿ ಎಂದ. ಇಟ್ಟೆವು. ಅಲ್ಲಿಂದ ಎತ್ತಿಕೊಂಡ. ಅದೂ ನನಗೆ ಕಂಡಿತು. ಕಂಡರೂ ನುಂಗಿಕೊಂಡೆ, ಹಬ್ಬದ ದಿನ ಯಾಕೆ ರಂಪ ಎಂದು.

ಮರುದಿನ ಸಂಜೆ ನಾವು ಮೂವರೂ ಹೋಗಿ, ನಮ್ಮವರು ಯಾವಾಗಲೂ ನಿಲ್ಲುವ ಕಡೆ, ಕಟ್ಟೆಯಿಂದ ದೂರ ನಿಂತೆವು. ಬಿಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಅದು ಎದುರಿಗೆ ಬಂದ ತಕ್ಷಣ ಇವರ ಮುಖ ಕಪ್ಪಿಟ್ಟಿತು. ಚರ್ಮ ಉಬ್ಬೈತೆ, ಎಳೀಬ್ಯಾಡಿ ಅನ್ನಬೇಕು ಎನ್ನುತ್ತಾ ಮುಂದೆ ಹೋದರು. ಇಬ್ಬರು ಅಡ್ಡ ಬಂದು ಅಲ್ಲೇ ನಿಂತ್ಕಳಪ್ಪ ಎಂದರು. ಇವರು ಕೈಯೆತ್ತಿ ಕೂಗಿದ್ದು ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಪರ್ವತಯ್ಯ ಹೆದೆ ಎಳೆದರು. ಮೇಲಿನ ತೋಳಿನ ಚರ್ಮ ಸಿಪ್ಪೆಯ ಹಾಗೆ ಎದ್ದುಬಂತು, ಚಟೀರ್ ಎಂದು ಮರ ಸೀಳಿತು. ಯಶೋಧರಾ ನನ್ನ ತೋಳು ಹಿಡಿದಿದ್ದಳು. ಅವಳ ಉಗುರು ನನ್ನ ಚರ್ಮಕ್ಕೆ ನಾಟಿತು.

ತಮಟೆ ನಿಂತಿತು. ಆಮೇಲೆ ಗುಂಪಿನಲ್ಲಿ ಯಾರೋ ಅಂದರು, ಅವರ ಕೈಯಿಂದ ಬಂದದ್ದು, ಇನ್ನೇನಾಯ್ತದೆ ಅಂತ. ಅಂದವರ ನಾಲಿಗೆ ಸೇದಿಹೋಗಲಿ. ಹಳೇ ಕಡ್ಡಿ ತಂದರು, ಅದರ ಬಾಣ ಈ ವರ್ಷವೂ ಕಾಲ ಬುಡದಲ್ಲೇ ಬಿತ್ತು, ಅದಕ್ಕೇ ಜೈಕಾರ ಹಾಕಿದರು, ಬನ್ನಿ ಹಂಚಿಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಮ್ಮ ಬಿಲ್ಲು ಕಟ್ಟೆಯ ಕೆಳಗೆ ಹಾರದ ಸಮೇತ ಬಿದ್ದಿತ್ತು. ಜನ ಕರಗಿದ ಮೇಲೆ ಇವರು ಹೋಗಿ ಎತ್ತಿಕೊಂಡು ಬಂದರು.

ಮನೆಯಲ್ಲಿ ಮಾವ ಆ ಚರ್ಮವನ್ನು ಪೂರ್ತಿ ಎಬ್ಬಿಸಿ ನೋಡಿದರು. ಒಳಮೈಯೆಲ್ಲ ಅರಿಶಿನ. ಮೇಲೆ ಹಚ್ಚಿದ ಅರಿಶಿನ ಅಂಟಿನ ಕೆಳಗೆ ಹೋಗುವುದಿಲ್ಲ, ರಾತ್ರಿಯಿಡೀ ನೀರಲ್ಲಿ ನೆನೆದರೆ ಮಾತ್ರ ಹೋಗುತ್ತದೆ. ಮೂಗಿನ ಹತ್ತಿರ ಹಿಡಿದು, ಗಂಜಲ, ಎಂದರು ಮಾವ. ಆಮೇಲೆ ಎದ್ದು ಹೋಗಿ ಗೋಡೆ ಕಡೆ ತಿರುಗಿ ಮಲಗಿದರು. ಊಟಕ್ಕೆ ಕರೆದರೆ ಏಳಲಿಲ್ಲ.

ಬೆಳಿಗ್ಗೆ ನಾನು ಅಂಗನವಾಡಿ ಬಾಗಿಲು ತೆಗೆಯದೆ ನೇರ ಪಟೇಲರ ಜಗಲಿಗೆ ಹೋದೆ. ಮುರಿದ ಬಿಲ್ಲು ಹಿಡಿದು ಇವರೂ ಹಿಂದೆಯೇ ಬಂದರು. ಪರ್ವತಯ್ಯ ಪೇಪರ್ ಓದುತ್ತಾ ಕೂತಿದ್ದರು. ಇದನ್ನು ನೀರಿಗೆ ಹಾಕಿದಿರಾ ಎಂದು ಕೇಳಿದೆ. ಇಲ್ಲ ಎಂದು ಸುಳ್ಳು ಹೇಳಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವರಿಗೆ ಮುಚ್ಚಿಡುವಂಥದ್ದು ಏನೂ ಕಾಣಲೇ ಇಲ್ಲ.

"ಶುದ್ಧಿ ಮಾಡ್ದೆ ದೇವ್ರ ಮುಂದೆ ಹೆಂಗಮ್ಮ ಇಡದು? ಹಿಂದ್ಲಿಂದ ಬಂದಿರೋದು. ನಿಮ್ಮನ್ನ ಕೀಳು ಮಾಡ್ಬೇಕು ಅಂತಲ್ಲ" ಎಂದರು, ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ.

ನನ್ನ ಮೈಯೆಲ್ಲ ಉರಿದುಹೋಯಿತು. ನಿಮ್ಮ ಹಬ್ಬದ ತಮಟೆಗೂ ಚರ್ಮವೇ, ಅದಕ್ಕೆ ಯಾಕೆ ನೀರು ಹಾಕಲ್ಲ, ಬೆಂಕಿಗೆ ಹಿಡಿದು ಕಾಯಿಸುತ್ತೀರಿ, ಒದ್ದೆಯಾದರೆ ಸದ್ದು ಬರಲ್ಲ ಅಂತ ಅದು ಮಾತ್ರ ಗೊತ್ತು, ಎಂದೆ. ಇನ್ನೂ ಏನೇನೋ ಅಂದೆ, ಬರೆಯಲು ಬರುವಂಥದ್ದಲ್ಲ. ಬೀದಿಯಲ್ಲಿ ಜನ ಸೇರಿದರು. ಆಗ ಒಂಬತ್ತು ವರ್ಷ ನನ್ನ ಬೈಗುಳಕ್ಕೆ ಒಂದು ದಿನವೂ ಎದುರು ಮಾತಾಡದ ಈ ಮನುಷ್ಯ ನನ್ನ ಪಕ್ಕಕ್ಕೆ ಬಂದು ಬಿಲ್ಲನ್ನು ಜಗಲಿಯ ಮೇಲೆ, ಪರ್ವತಯ್ಯನವರ ಕಾಲ ಪಕ್ಕದಲ್ಲೇ ಇಟ್ಟರು.

"ಸ್ವಾಮಿ, ತೊಳುದ್ರೆ ಅಂಟು ಹೋಯ್ತದೆ. ನಾವು ಮುಟ್ಟಿದ್ದು ಹೋಗಕಿಲ್ಲ. ಇಡೀ ಬಿಲ್ಲು ನಾವು ಮುಟ್ಟೇ ಮಾಡಿರೋದು."

ಪರ್ವತಯ್ಯ ಕಾಲು ಹಿಂದಕ್ಕೆ ತೆಗೆದುಕೊಂಡರು. ಇವರು ಬಿಲ್ಲನ್ನು ಅಲ್ಲೇ ಬಿಟ್ಟು ಡ್ಯೂಟಿಗೆ ಹೋದರು. ಆ ಬಿಲ್ಲನ್ನು ಎರಡು ದಿನ ಅವರ ಮನೆಯಲ್ಲಿ ಯಾರೂ ಮುಟ್ಟಲಿಲ್ಲವಂತೆ. ಮೂರನೇ ದಿನ ಬೇರೆ ಊರಿನ ಕೂಲಿಯವನನ್ನು ಕರೆಸಿ ತೆಗೆಸಿದರಂತೆ.

ಇನ್ನೊಂದು ಬಿಲ್ಲಿಗೆ ಒಣಗಿದ ಮರ ಇರಲಿಲ್ಲ. ಇದ್ದಿದ್ದರೂ ಹನ್ನೆರಡು ದಿನದಲ್ಲಿ ಆಗುವ ಕೆಲಸ ಅಲ್ಲ. ಸ್ಪರ್ಧೆಯ ಭಾನುವಾರ ಯಶೋಧರಾ ಎಂದಿನ ಹಾಗೆ ಐದಕ್ಕೇ ಎದ್ದಳು. ತಲೆ ಬಾಚಿದಳು, ಅಂಗಳ ಗುಡಿಸಿದಳು, ಎರಡು ಬಕೆಟ್ ಬಟ್ಟೆ ಒಗೆದಳು. ನಾನು ಒಲೆಯ ಮುಂದೆ ಕೂತು ಪರ್ವತಯ್ಯನ ವಂಶವನ್ನೆಲ್ಲ ಹೆಸರು ಹಿಡಿದು ಶಪಿಸುತ್ತಿದ್ದೆ. ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವಳೂ ಸೇರಿಕೊಂಡು ಬೈಯುತ್ತಾಳೆ ಅಂದುಕೊಂಡೆ.

"ಅವ್ರನ್ನ ಬಯ್ಯದು ಸಾಕು ಕಣಮ್ಮ. ತಾತ, ಅಪ್ಪ ಮಾಡಿದ್ದು ನಿಂಗೆ ಸಾಲ್ದೆ ಹೋಯ್ತಲ್ಲ. ಅವ್ರು ಮುಟ್ಟುದ್ರೇನೇ ಅದು ಒಳ್ಳೆ ಬಿಲ್ಲು ಅಂತ ನಿಂಗೆ ಅನ್ಸಿದ್ದು ಯಾಕೆ?"

ದನಿ ಏರಿಸಲಿಲ್ಲ, ಅಳಲೂ ಇಲ್ಲ. ಅಷ್ಟು ಕೇಳಿ, ಬಟ್ಟೆ ಒಣಗಲು ಹಾಕುವುದು ಇನ್ನೂ ಇತ್ತೆಂದು, ಹೊರಗೆ ಹೋದಳು. ಇಡೀ ಊರಿಗೆ ಬಾಯಿ ಕೊಟ್ಟು ಬದುಕಿದವಳು ನಾನು, ಶಾಪ ಅರ್ಧಕ್ಕೇ ಬಿಟ್ಟು ಎದ್ದು, ಇನ್ನೊಂದು ಬಕೆಟ್ ಎತ್ತಿಕೊಂಡು ಅವಳ ಹಿಂದೆ ಹೋದೆ.