ತಾನಾಗಿ ಹುಟ್ಟಿದ ಸೋರೆಬಳ್ಳಿ

ಕಸ ತೆಗೆಯುವುದರಲ್ಲಿ ಶಿವಕಾಂತಾಳನ್ನು ಮೀರಿಸುವವರು ಇರಲಿಲ್ಲ. ಸೇಡಂ ಕಡೆಯ ತೊಗರಿ ಹೊಲಗಳಲ್ಲಿ ಏಳನೆಯ ವಯಸ್ಸಿಗೇ ಕಳೆ ಕೆತ್ತುವ ಕುರ್ಪಿ ಹಿಡಿದವಳು. ಸಾಲು ಹಿಡಿದು ಕುಳಿತರೆ ಉಳಿದ ಹೆಂಗಸರಿಗಿಂತ ಹತ್ತು ಮಾರು ಮುಂದೆ ಇರುತ್ತಿದ್ದಳು. ಗಂಡ ಜಟ್ಟೆಪ್ಪನ ಜೊತೆ ಪುಣೆಗೆ ಬಂದ ಮೇಲೆ ಹದಿನೈದು ವರ್ಷ ಕಟ್ಟಡಗಳಲ್ಲಿ ಬುಟ್ಟಿ ಹೊತ್ತಳು. ಮೊಣಕಾಲು ಕೈಕೊಟ್ಟಾಗ ಬಿಬವೇವಾಡಿಯ ಅನುಸೂಯಾ ಬಾಯಿಯವರ ಹಿತ್ತಲಲ್ಲಿ ಕೆಲಸ ಸಿಕ್ಕಿತು. ಅವರು ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಕನ್ನಡ ಮಾತಾಡುವ ಮನೆ, ಮಣ್ಣಿನ ಕೆಲಸ. ಶಿವಕಾಂತಾಳಿಗೆ ಬಹಳ ಹಿಗ್ಗಾಯಿತು.

ಮೊದಲ ದಿನವೇ ಅವಳು ಒಂದು ಮಡಿಯನ್ನು ಹಸನಾಗಿ ಕೆತ್ತಿ, ಎಲೆಗಳನ್ನೆಲ್ಲ ಗುಡಿಸಿ ಗುಂಪೆ ಹಾಕಿದಳು. ಚಹಾ ತಂದ ಅನುಸೂಯಾ ಬಾಯಿ ಅದನ್ನು ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರು ಐದು ದಿನದ ಶಿಬಿರಕ್ಕೆ ಹೋಗಿ ಪರ್ಮಾಕಲ್ಚರ್ ಎಂಬ ಸಹಜ ಬೇಸಾಯ ಕಲಿತು ಬಂದಿದ್ದರು. ನೆಲ ಅಗೆಯಬಾರದು, ಬಿದ್ದ ಎಲೆ ತೆಗೆಯಬಾರದು, ಮಣ್ಣು ಬರಿಮೈಯಲ್ಲಿ ಇರಬಾರದು, ತಾನಾಗಿ ಹುಟ್ಟಿದ್ದನ್ನು ಕೀಳಬಾರದು ಎಂದು ಒಂದೊಂದಾಗಿ ತಿಳಿಸಿ ಹೇಳಿದರು. ಶಿವಕಾಂತಾ ತಲೆಯಾಡಿಸಿದಳು. ಆದರೆ ಏನೂ ಮಾಡಬಾರದು ಎಂದಮೇಲೆ ತನ್ನನ್ನು ಯಾಕೆ ಇಟ್ಟುಕೊಂಡರು ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಬಾಳೆಯ ಬುಡದಲ್ಲಿ ಅರಿಶಿನ, ನುಗ್ಗೆಯ ಮೈಮೇಲೆ ಅವರೆ, ನಡುನಡುವೆ ಹೆಸರಿಲ್ಲದ ಹುಲ್ಲು. ಅವಳ ಕೈ ತುರಿಸುತ್ತಿತ್ತು. ಸೆರಗಿನಲ್ಲಿ ಕೈ ಸುತ್ತಿಕೊಂಡು ನೀರು ಬಿಡುತ್ತಿದ್ದಳು.

ಮಳೆಗಾಲದಲ್ಲಿ ಗೊಬ್ಬರದ ಗುಂಡಿಯ ಪಕ್ಕ ಒಂದು ಸೋರೆಬಳ್ಳಿ ಎದ್ದಿತು. ಯಾರೂ ಬೀಜ ಹಾಕಿದ್ದಲ್ಲ. ಅನುಸೂಯಾ ಬಾಯಿ ದಿನವೂ ಅದರ ಫೋಟೋ ತೆಗೆದರು. ಮೊದಲ ಕಾಯಿ ಬಂದಾಗ ಶಿವಕಾಂತಾ, ಅವ್ವ ಮಾಡುತ್ತಿದ್ದ ಹಾಗೆ, ತುದಿಯ ಒಂದು ಚೂರು ಕೊಯ್ದು ನಾಲಿಗೆಗೆ ಮುಟ್ಟಿಸಿದಳು. ಕಹಿ.

“ಅಕ್ಕಾರ, ಈ ಕಾಯಿ ಕಹಿ ಅದರಿ. ಬಳ್ಳಿ ಕಿತ್ತ ಒಗೀಲೇನ್ರಿ?”

“ತಾನಾಗಿ ಬಂದದ್ದು ಕೀಳಬಾರದು ಅಂತ ಎಷ್ಟ ಸಲ ಹೇಳಬೇಕು ನಿನಗ?” ಎಂದರು ಅವರು. ಸ್ವಲ್ಪ ಕಹಿಯಿದ್ದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೇ ಎಂದೂ ಸೇರಿಸಿದರು.

ಶಿವಕಾಂತಾ ಕಾಯಿಯನ್ನು ಅಡುಗೆಮನೆಯಲ್ಲಿ ಇಟ್ಟು ಬಂದಳು. ಬೆಳಿಗ್ಗೆ ಹಲ್ಲಿಗೆ ಮಸೇರಿ, ಹುರಿದ ತಂಬಾಕಿನ ಪುಡಿ, ತಿಕ್ಕಿದ್ದಳು. ಕೆಟ್ಟದ್ದು ತನ್ನ ನಾಲಿಗೆಯೇ ಇರಬಹುದು. ಓದಿದವರಿಗೆ ಗೊತ್ತಿಲ್ಲದ್ದು ತನಗೆ ಹೇಗೆ ಗೊತ್ತಿದ್ದೀತು?

ಅನುಸೂಯಾ ಬಾಯಿಯ ಗಂಡ ಮಹದೇವಪ್ಪನವರಿಗೆ ದಿನವೂ ಬೆಳಿಗ್ಗೆ ಸೋರೆಕಾಯಿ ರಸ ಕುಡಿಯುವ ರೂಢಿ. ಮರುದಿನ ಆ ಕಾಯಿಯ ರಸವನ್ನೇ ಮುಖ ಕಿವುಚಿಕೊಂಡು ಕುಡಿದರು. ಅರ್ಧ ಗಂಟೆಯಲ್ಲಿ ವಾಂತಿ ಶುರುವಾಯಿತು, ಆಮೇಲೆ ಭೇದಿ, ಕೈಕಾಲು ತಣ್ಣಗಾದವು. ಆಸ್ಪತ್ರೆಗೆ ಒಯ್ದರು. ಡಾಕ್ಟರಿಗೆ ತೋರಿಸಲು ಉಳಿದ ಕಾಯಿ ತಗೊಂಡು ಬಾ ಎಂದು ಫೋನ್ ಬಂತು. ಶಿವಕಾಂತಾ ಅದನ್ನು ಚೀಲದಲ್ಲಿ ಹಾಕಿಕೊಂಡು ರಿಕ್ಷಾದಲ್ಲಿ ಹೋದಳು. ಸೋರೆಕಾಯಿ ಕಹಿಯಾದರೆ ವಿಷವೇ, ಬಾಯಿಗೆ ಹತ್ತಿದ ಕೂಡಲೇ ಉಗುಳಬೇಕಿತ್ತು ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು.

“ನೀ ಹೇಳಿದ್ದಿ,” ಎಂದರು ಅನುಸೂಯಾ ಬಾಯಿ.

“ಹೇಳಿದ್ನಿರಿ. ಗಟ್ಟಿಯಾಗಿ ಹೇಳಲಿಲ್ಲರಿ.”

ತಪ್ಪು ಯಾರದ್ದೆಂದು ಅವಳಿಗೆ ತಿಳಿಯಲಿಲ್ಲ. ಬಳ್ಳಿಯದ್ದೋ, ಶಿಬಿರದ್ದೋ, ಗೊತ್ತಿದ್ದೂ ಕೈ ಕಟ್ಟಿಕೊಂಡ ತನ್ನದೋ.

ಮಹದೇವಪ್ಪನವರು ಮೂರನೆಯ ದಿನ ಮನೆಗೆ ಬಂದರು. ಹಿತ್ತಲನ್ನೆಲ್ಲ ಕಿತ್ತು ಬಯಲು ಮಾಡು, ಫರಶಿ ಕಲ್ಲು ಹಾಕಿಸಿಬಿಡೋಣ ಎಂದು ಅನುಸೂಯಾ ಬಾಯಿ ಹೇಳಿದರು. ಇಷ್ಟು ತಿಂಗಳು ಕಾಯುತ್ತಿದ್ದ ಮಾತು ಇದು. ಶಿವಕಾಂತಾ ಸೋರೆಬಳ್ಳಿಯನ್ನು ಬುಡಸಮೇತ ಕಿತ್ತಳು. ಆಮೇಲೆ ಕುರ್ಪಿ ಹಿಡಿದು ಬಾಳೆಯ ಬುಡಕ್ಕೆ ಕುಳಿತು ಎಲೆಯ ಹೊದಿಕೆ ಸರಿಸಿದಳು. ಕೆಳಗೆ ಮಣ್ಣು ಕಪ್ಪಗೆ, ಮೆತ್ತಗೆ ಆಗಿತ್ತು. ಎರೆಹುಳುಗಳು ಒಳಗೆ ಸರಿದವು. ಕುರ್ಪಿ ಎತ್ತಿದ ಕೈ ಕೆಳಗೆ ಇಳಿಯಲೇ ಇಲ್ಲ.

“ಈ ಮಣ್ಣ ಬರಿಮೈ ಮಾಡಿದ್ರ ಅರಿಶಿಣ ಒಣಗ್ತದರಿ,” ಎಂದಳು. ಹೇಳಿದ ಮೇಲೆ, ಈ ಮಾತು ತನ್ನದೋ ಅಕ್ಕಾರದ್ದೋ ಎಂದು ತಾನೇ ತಬ್ಬಿಬ್ಬಾದಳು.

“ಹಂಗಾರ ಯಾವುದು ಇಡಬೇಕು, ಯಾವುದು ಕೀಳಬೇಕು, ನೀನ ಹೇಳು.”

“ನನಗೂ ತಿಳಿವಲ್ದರಿ.”

ಫರಶಿ ಹಾಕಿಸಲಿಲ್ಲ. ಈಗ ದಿನವೂ ಬೆಳಿಗ್ಗೆ ಇಬ್ಬರೂ ಹಿತ್ತಲು ಸುತ್ತುತ್ತಾರೆ. ಕಾಯಿ ಕೊಯ್ದರೆ ಇಬ್ಬರೂ ತುದಿ ನೆಕ್ಕಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೋದ ವಾರ ಪಪ್ಪಾಯಿಯ ಪಕ್ಕ ಎರಡೆಲೆಯ ಒಂದು ಸಸಿ ಎದ್ದಿದೆ. ಅದು ಏನೆಂದು ಇಬ್ಬರಿಗೂ ಗುರುತು ಹತ್ತಿಲ್ಲ. ಸದ್ಯಕ್ಕೆ ಯಾರೂ ತುಳಿಯದ ಹಾಗೆ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು ಬಿಟ್ಟಿದ್ದಾರೆ.